ಕಲಬುರಗಿಯ ಬೇಸಿಗೆಯಲ್ಲಿ ಇಂಕ್‌ಜೆಟ್ ಪ್ರಿಂಟರಿನ ಹೆಡ್ ಉಳಿಸಿಕೊಳ್ಳುವ ಬಗೆ

ಏಪ್ರಿಲ್ ಕಾಲಿಟ್ಟಿತೆಂದರೆ ಕಲಬುರಗಿಯ ಝೆರಾಕ್ಸ್ ಅಂಗಡಿಗಳಲ್ಲಿ, ಆನ್‌ಲೈನ್ ಸೆಂಟರುಗಳಲ್ಲಿ ಒಂದೇ ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ: "ನಿನ್ನಿ ತನಾ ಚಲೋ ಬರ್ತಿತ್ರೀ, ಇವತ್ತ ನೋಡ್ರಿ, ಗೆರಿ ಗೆರಿ ಬರ್ಲಾಕತ್ತದ." ಹೀಗೆ ಹೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಏಳೆಂಟು ಸಲ ಹೆಡ್ ಕ್ಲೀನಿಂಗ್ (ಕಾಗದದ ಮೇಲೆ ಇಂಕು ಚಿಮ್ಮಿಸುವ ಭಾಗವಾದ ಹೆಡ್ಡಿನ ಮೂಲಕ ಯಂತ್ರವೇ ಇಂಕು ಎಳೆದು ತೊಳೆಯುವ ಕೆಲಸ) ಕೊಟ್ಟು, ಟ್ಯಾಂಕಿನ ಇಂಕನ್ನು ಅರ್ಧಕ್ಕಿಳಿಸಿ, ಗೆರೆಗಳನ್ನು ಮೊದಲಿಗಿಂತ ಹೆಚ್ಚು ಮಾಡಿಕೊಂಡಿರುತ್ತಾರೆ. ನಾನೂ ಒಂದು ಮೇ ತಿಂಗಳಲ್ಲಿ ಇದೇ ತಪ್ಪು ಮಾಡಿ, ಎರಡು ವರ್ಷವೂ ತುಂಬದ ಪ್ರಿಂಟರಿನ ಹೆಡ್ಡನ್ನು ಕಳೆದುಕೊಂಡೆ. ಆ ಯಂತ್ರದೊಳಗೆ ಎಂಜಿನಿಯರುಗಳು ಏನೇನು ಏರ್ಪಾಡು ಮಾಡಿದ್ದಾರೆ ಎಂಬುದನ್ನು ಕುಳಿತು ತಿಳಿದುಕೊಂಡ ಮೇಲೆ, ಅದೇ ಬಿಸಿಲಿನಲ್ಲಿ, ಅದೇ ಅಂಗಡಿಯಲ್ಲಿ ಹೆಡ್ಡು ಕೆಡುವುದು ನಿಂತಿದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಅಂಗಡಿಯವರಿಗೂ ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡವರಿಗೂ ಉಪಯೋಗಕ್ಕೆ ಬರಲೆಂದು ಆ ತಿಳಿವಳಿಕೆಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹನಿಯ ಲೆಕ್ಕ

ಈಗಿನ ಪ್ರಿಂಟರುಗಳು ಉಗುಳುವ ಸಣ್ಣ ಹನಿಯ ಗಾತ್ರ ಸುಮಾರು 3 ಪಿಕೋಲೀಟರ್. ಒಂದು ಮಿಲಿಲೀಟರನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಪಿಕೋಲೀಟರ್. ಅಂದರೆ 70 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಇಂಥ ಹನಿಗಳು 2,300 ಕೋಟಿಗೂ ಹೆಚ್ಚು ಇರುತ್ತವೆ. ಆ ಹನಿಯ ಅಡ್ಡಳತೆ ಸುಮಾರು 18 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪದ ಕಾಲು ಭಾಗದಷ್ಟು. ಅದು ಹೊರಬೀಳುವ ರಂಧ್ರ, ಅಂದರೆ ನಾಜಲ್, ಹೆಚ್ಚುಕಡಿಮೆ ಅಷ್ಟೇ ಅಗಲ. ಆ ರಂಧ್ರದ ಬಾಯಲ್ಲಿ ಇಂಕಿನ ಒಂದು ತೆಳ್ಳನೆಯ ಮೈ ಸದಾ ಗಾಳಿಗೆ ಒಡ್ಡಿಕೊಂಡಿರುತ್ತದೆ. ಇಂಕಿನಲ್ಲಿ ಬಹುಪಾಲು ಇರುವುದು ನೀರು. 42 ಡಿಗ್ರಿಯ ಒಣ ಮಧ್ಯಾಹ್ನದಲ್ಲಿ ಅಂಗಳದಲ್ಲಿ ಒಣಹಾಕಿದ ಅರಿವೆ ಎಷ್ಟು ಬೇಗ ಒಣಗುತ್ತದೆಂದು ನಾವು ಬಲ್ಲೆವು. ಹಾಗಿರುವಾಗ ಕೂದಲಿಗಿಂತ ಸಣ್ಣ ಬಾಯಲ್ಲಿರುವ ಇಂಕು ಬಿಡುವಿದ್ದಷ್ಟು ಹೊತ್ತು ಗಟ್ಟಿಯಾಗುತ್ತಲೇ ಹೋಗುತ್ತದೆ. ಇಂಕ್‌ಜೆಟ್ ತಂತ್ರಜ್ಞಾನದ ಸುಧಾರಣೆಗಳಲ್ಲಿ ಬಹಳಷ್ಟು ಈ ಒಂದು ಒಣಗುವಿಕೆಯನ್ನು ತಡೆಯಲು ಹುಟ್ಟಿದವು ಎಂಬುದು ನನ್ನ ತಿಳಿವಳಿಕೆ, ಮತ್ತು ನಮ್ಮ ಭಾಗದಲ್ಲಿ ಪ್ರಿಂಟರ್ ಕೆಡುವುದಕ್ಕೆ ಬಹುತೇಕ ಕಾರಣ ಆ ತಡೆಯನ್ನು ನಾವೇ ಕೈಯಾರೆ ಮುರಿಯುವುದು.

1984ರಲ್ಲಿ ಎಚ್‌ಪಿ ಕಂಪನಿ ತಂದ ಥಿಂಕ್‌ಜೆಟ್ ಎಂಬ ಪ್ರಿಂಟರಿನಲ್ಲಿ ಇದ್ದದ್ದು 12 ನಾಜಲ್ ಮಾತ್ರ. ಒಣಗಿ ಕಟ್ಟಿಕೊಳ್ಳುವ ತೊಂದರೆಗೆ ಅದರ ಎಂಜಿನಿಯರುಗಳು ಕಂಡುಕೊಂಡ ಉಪಾಯ ಬಹಳ ಸರಳವಾದದ್ದು: ಹೆಡ್ಡನ್ನೇ ಇಂಕಿನ ಕಾರ್ಟ್ರಿಜ್‌ಗೆ ಸೇರಿಸಿಬಿಟ್ಟರು. ಇಂಕು ಮುಗಿದಾಗ ಕಾರ್ಟ್ರಿಜ್ ಎಸೆದರೆ ಹಳೆಯ ಹೆಡ್ಡೂ ಅದರೊಂದಿಗೆ ಹೋಗುತ್ತಿತ್ತು. 1993ರಲ್ಲಿ ಎಪ್ಸನ್ ಕಂಪನಿಯ ಸ್ಟೈಲಸ್ 800 ಇನ್ನೊಂದು ದಾರಿ ಹಿಡಿಯಿತು. ಅದರಲ್ಲಿ ಹೆಡ್ಡು ಯಂತ್ರದ ಆಯುಸ್ಸಿನುದ್ದಕ್ಕೂ ಇರುವಂಥದ್ದು, ಇಂಕು ಮಾತ್ರ ಬದಲಾಗುವಂಥದ್ದು. 2010ರಲ್ಲಿ ಇಂಡೋನೇಷ್ಯಾದಲ್ಲಿ ಅದೇ ಕಂಪನಿ ಬಾಟಲಿಯಿಂದ ಇಂಕು ತುಂಬಿಸುವ ಟ್ಯಾಂಕಿನ ಪ್ರಿಂಟರ್ ಮಾರಲು ಶುರುಮಾಡಿತು. ಮುಂದೆ ಅದು ನಮ್ಮ ದೇಶಕ್ಕೂ ಬಂತು, ಬೇರೆ ಕಂಪನಿಗಳೂ ಟ್ಯಾಂಕಿಗೆ ತಿರುಗಿದವು. ಟ್ಯಾಂಕು ಬಂದ ಮೇಲೆ ಒಂದು ಹಾಳೆಯ ಇಂಕಿನ ಖರ್ಚು ಬಹಳ ಇಳಿಯಿತು. ಆದರೆ ಹೆಡ್ಡಿನ ಆರೈಕೆ ಮಾಲೀಕನ ಪಾಲಿಗೆ ಬಂತು. ಕಾರ್ಟ್ರಿಜ್ ಕಾಲದ ಅಸಡ್ಡೆಯಲ್ಲಿಯೇ ಟ್ಯಾಂಕಿನ ಯಂತ್ರವನ್ನು ನಡೆಸಿದರೆ ಅದು ತಾಳುವುದಿಲ್ಲ.

ನಿಮ್ಮ ಹೆಡ್ ಯಾವ ಜಾತಿಯದು

ಇದನ್ನು ತಿಳಿಯದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬಾರದು. ಎಚ್‌ಪಿ ಮತ್ತು ಕ್ಯಾನನ್ ಕಂಪನಿಗಳ ಸಾಮಾನ್ಯ ಪ್ರಿಂಟರುಗಳಲ್ಲಿ ಇರುವುದು ಶಾಖದ ಹೆಡ್. ಪ್ರತಿ ನಾಜಲ್‌ನ ಹಿಂದೆ ಒಂದು ಪುಟ್ಟ ಹೀಟರ್ ಇರುತ್ತದೆ. ಅದು ಒಂದೆರಡು ಮೈಕ್ರೋಸೆಕೆಂಡಿನಲ್ಲಿ ಸುಮಾರು 300 ಡಿಗ್ರಿಗೆ ಏರಿ, ತನಗೆ ತಾಗಿರುವ ಇಂಕಿನ ತೆಳುಪದರವನ್ನು ಆವಿ ಮಾಡುತ್ತದೆ. ಆ ಗುಳ್ಳೆ ಉಬ್ಬಿ ಹನಿಯನ್ನು ಹೊರಗೆ ನೂಕುತ್ತದೆ. ಎಪ್ಸನ್ ಮತ್ತು ಬ್ರದರ್ ಯಂತ್ರಗಳಲ್ಲಿ ಇರುವುದು ಪೀಜೋ ಹೆಡ್. ವಿದ್ಯುತ್ ಕೊಟ್ಟರೆ ಬಾಗುವ ಒಂದು ಬಗೆಯ ಪಿಂಗಾಣಿ ವಸ್ತು ಇಂಕಿನ ಕೋಣೆಯನ್ನು ಒತ್ತಿ ಹನಿಯನ್ನು ಹೊರಡಿಸುತ್ತದೆ. ಇಲ್ಲಿ ಕುದಿಸುವ ಕೆಲಸವಿಲ್ಲ.

ಎರಡಕ್ಕೂ ಬೇರೆ ಬೇರೆ ಗುಣ, ಬೇರೆ ಬೇರೆ ಮರ್ಮ. ಶಾಖದ ಹೆಡ್ ಇಂಕಿಲ್ಲದೆ ಉರಿದರೆ ಹೀಟರ್ ಸುಟ್ಟುಹೋಗುತ್ತದೆ. ಆದ್ದರಿಂದ ಒಂದು ಬಣ್ಣ ಮುಗಿದ ಮೇಲೂ "ಇನ್ನೊಂದು ನಾಲ್ಕು ಹಾಳೆ ಬರಲಿ" ಎಂದು ಎಳೆಯಬಾರದು. ಆದರೆ ಅಂಥ ಹಲವು ಯಂತ್ರಗಳಲ್ಲಿ ಹೆಡ್ಡನ್ನು ನಾವೇ ತೆಗೆದು ಹೊಸದು ಕೂರಿಸಬಹುದು. ಪೀಜೋ ಹೆಡ್ಡಿಗೆ ದೊಡ್ಡ ಶತ್ರು ಗಾಳಿಯ ಗುಳ್ಳೆ. ಕೋಣೆಯನ್ನು ಎಷ್ಟು ಒತ್ತಿದರೂ ಗುಳ್ಳೆ ಆ ಒತ್ತಡವನ್ನು ತಾನೇ ನುಂಗಿಬಿಡುವುದರಿಂದ ಹನಿ ಹೊರಬರುವುದಿಲ್ಲ. ಟ್ಯಾಂಕಿನ ಕೆಳಗೆರೆಗಿಂತ ಇಂಕು ಇಳಿಯಲು ಬಿಟ್ಟರೆ ಕೊಳವೆಯೊಳಗೆ ಗಾಳಿ ಸೇರುತ್ತದೆ, ಅದನ್ನು ಹೊರಗೆಳೆಯಲು ಬಹಳ ಇಂಕು ಹಾಳಾಗುತ್ತದೆ. ಹೀಗಾಗಿ ನಾನು ಕೆಳಗೆರೆಯ ಮೇಲೆ ಒಂದು ಬೆರಳಿನಷ್ಟು ಇಂಕು ಇರುವಾಗಲೇ ತುಂಬಿಸುತ್ತೇನೆ.

ಪೀಜೋ ಹೆಡ್ಡಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸುಧಾರಣೆಯೊಂದಿದೆ. ಹೆಡ್ಡಿಗೆ ಕೊಡುವ ವಿದ್ಯುತ್ತಿನ ಏರಿಳಿತವನ್ನು ಬದಲಿಸಿ ಒಂದೇ ನಾಜಲ್‌ನಿಂದ ಸಣ್ಣ, ನಡು, ದೊಡ್ಡ ಗಾತ್ರದ ಹನಿಗಳನ್ನು ಹೊರಡಿಸಬಹುದು; ಫೋಟೋದಲ್ಲಿನ ಮುಖದ ನುಣುಪಿಗೆ ಸಣ್ಣ ಹನಿ, ಅಕ್ಷರದ ಕಪ್ಪಿಗೆ ದೊಡ್ಡದು. ಅಷ್ಟೇ ಅಲ್ಲ, ಹನಿ ಹೊರಬೀಳದಷ್ಟು ಮೆಲ್ಲಗೆ ಅಲುಗಿಸಿ, ನಾಜಲ್ ಬಾಯಲ್ಲಿ ಗಟ್ಟಿಯಾಗತೊಡಗಿದ ಇಂಕನ್ನು ಒಳಗಿನ ತೆಳು ಇಂಕಿನೊಂದಿಗೆ ಕಲೆಸುತ್ತ ಇರಬಹುದು. ಹೆಡ್ಡಿನೊಳಗಿನ ಶಾಖ ಅಳೆಯುವ ಸಾಧನ ಬಿಸಿಯೆಷ್ಟೆಂದು ತಿಳಿಸಿದಂತೆ ಈ ಏರಿಳಿತವೂ ಬದಲಾಗುತ್ತದೆ, ಏಕೆಂದರೆ ಬಿಸಿಗೆ ಇಂಕು ತೆಳ್ಳಗಾಗಿ ಹನಿ ದೊಡ್ಡದಾಗುತ್ತದೆ. ಆದರೆ ಈ ಹೊಂದಾಣಿಕೆಗೂ ಮಿತಿಯುಂಟು. ಬಹುತೇಕ ಪ್ರಿಂಟರುಗಳ ಕೈಪಿಡಿಯಲ್ಲಿ ಬರೆದಿರುವ ಕೆಲಸದ ವಾತಾವರಣ 10ರಿಂದ 35 ಡಿಗ್ರಿಯ ಆಸುಪಾಸು, ಗಾಳಿಯ ತೇವ ಶೇಕಡಾ 20ರಿಂದ 80. ನಮ್ಮ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನಗಳು 40 ಡಿಗ್ರಿ ದಾಟುವುದರಿಂದ ಆ ಗಡಿಯ ಆಚೆಗೇ ಇರುತ್ತವೆ. ಬೀದರ್ ಎತ್ತರದಲ್ಲಿರುವುದರಿಂದ ಬಿಸಿ ತುಸು ಕಡಿಮೆ, ಒಣಗಾಳಿ ಮಾತ್ರ ಅಲ್ಲಿಯೂ ಇದ್ದದ್ದೇ.

ಇಡುವ ಜಾಗ, ಕರೆಂಟು, ಗುಂಡಿ

ಪ್ರಿಂಟರನ್ನು ಪಡುವಣ ಬಿಸಿಲು ಬೀಳುವ ಕಿಟಕಿಯ ಬಳಿ, ತಗಡಿನ ಮಾಡಿಗೆ ಹತ್ತಿರದ ಅಟ್ಟದ ಮೇಲೆ, ರಸ್ತೆಗೆ ಮುಖಮಾಡಿದ ಕೌಂಟರಿನ ತುದಿಯಲ್ಲಿ ಇಡಬೇಡಿ. ನಮ್ಮ ಊರಿನ ಧೂಳು ಸಾಮಾನ್ಯ ಧೂಳಲ್ಲ. ತೊಗರಿ ಬೇಳೆಯ ಮಿಲ್ಲುಗಳ ಹೊಟ್ಟು, ಶಹಾಬಾದಿ ಕಲ್ಲು ಕೊಯ್ಯುವಲ್ಲಿನ ಬಿಳಿ ಪುಡಿ, ಸೇಡಂ-ವಾಡಿ ಕಡೆಯ ಸಿಮೆಂಟು, ಎರೆಮಣ್ಣು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಕೆಲಸ ಮುಗಿದ ಮೇಲೆ ಹಳೆಯ ಹತ್ತಿ ಬಟ್ಟೆಯನ್ನು ಯಂತ್ರದ ಮೇಲೆ ಹೊದಿಸುವುದು ಸಾಕಷ್ಟು ರಕ್ಷಣೆ. ಕೂಲರ್ ವಿಷಯದಲ್ಲಿ ಎರಡು ಮಾತು: ಕೂಲರ್ ಇರುವ ಕೋಣೆಯ ತೇವ ಹೆಡ್ಡಿಗೆ ಒಳ್ಳೆಯದೇ, ಆದರೆ ಅದರ ಗಾಳಿ ನೇರವಾಗಿ ಪ್ರಿಂಟರಿಗೆ ಬಡಿಯಬಾರದು, ಮತ್ತು ಬಿಚ್ಚಿದ ಕಾಗದದ ಕಟ್ಟು ಅದರ ಎದುರು ಇರಬಾರದು. ತೇವ ಹೀರಿದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಎರಡೆರಡಾಗಿ ಒಳಗೆ ಹೋಗುತ್ತವೆ, ಅಂಚು ಮುದುರಿ ಹೆಡ್ಡಿನ ಅಡಿಭಾಗಕ್ಕೆ ಉಜ್ಜುತ್ತವೆ. ಕಟ್ಟಿನ ಹೊದಿಕೆಯಿಂದ ಅಂದಿನ ಕೆಲಸಕ್ಕೆ ಬೇಕಾದಷ್ಟೇ ಹಾಳೆ ತೆಗೆದು, ಉಳಿದದ್ದನ್ನು ಮತ್ತೆ ಮುಚ್ಚಿಡಿ.

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಪ್ರಿಂಟರನ್ನು ಅದರ ಮೈಮೇಲಿನ ಗುಂಡಿಯಿಂದಲೇ ಆಫ್ ಮಾಡಿ, ಗೋಡೆಯ ಬೋರ್ಡಿನ ಸ್ವಿಚ್ಚಿನಿಂದ ಮಾಡಬೇಡಿ. ಗುಂಡಿ ಒತ್ತಿದಾಗ ಹೆಡ್ಡು ಬಲತುದಿಗೆ ಹೋಗಿ ನಿಲ್ಲುವುದನ್ನು, ಬಳಿಕ ಕೆಳಗಿನಿಂದ ಮೆಲ್ಲನೆ ಒಂದು ಸದ್ದು ಬರುವುದನ್ನು ನೀವು ಗಮನಿಸಿರಬಹುದು. ಅಲ್ಲಿ ರಬ್ಬರ್ ಅಂಚಿನ ಒಂದು ಮುಚ್ಚಳವಿದೆ. ಅದು ಮೇಲೆದ್ದು ಹೆಡ್ಡಿನ ಮುಖಕ್ಕೆ ಗಾಳಿಯಾಡದಂತೆ ಅಂಟಿಕೊಳ್ಳುತ್ತದೆ. ಒಳಗೆ ಉಳಿದ ತುಸು ಇಂಕಿನ ತೇವವೇ ನಾಜಲ್‌ಗಳನ್ನು ವಾರಗಟ್ಟಲೆ ಹಸಿಯಾಗಿ ಇಡುತ್ತದೆ. ಬೋರ್ಡಿನಿಂದ ಕರೆಂಟು ತೆಗೆದರೆ, ಅಥವಾ ಮುದ್ರಣದ ನಡುವೆಯೇ ಕರೆಂಟು ಹೋದರೆ, ಹೆಡ್ಡು ಅರ್ಧದಾರಿಯಲ್ಲಿ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಬೇಸಿಗೆಯಲ್ಲಿ ಒಂದು ರಾತ್ರಿ ಹಾಗೆ ನಿಂತರೆ ಸಾಕು, ಮರುದಿನ ಗೆರೆ ಬೀಳುತ್ತದೆ.

ಕರೆಂಟಿನ ಭರವಸೆ ಇಲ್ಲದ ಕಡೆ ಕಂಪ್ಯೂಟರಿಗೆ ಹಾಕುವ ಸಾಮಾನ್ಯ ಯುಪಿಎಸ್ಸಿಗೇ ಇಂಕ್‌ಜೆಟ್ಟನ್ನೂ ಸೇರಿಸಿ. ಮುದ್ರಿಸುವಾಗ ಅದಕ್ಕೆ ಬೇಕಾಗುವುದು ಸುಮಾರು 10ರಿಂದ 20 ವಾಟ್ ಮಾತ್ರ, ಮನೆಯ ಒಂದು ಎಲ್‌ಇಡಿ ಬಲ್ಬಿನಷ್ಟು. ಲೇಸರ್ ಪ್ರಿಂಟರನ್ನು ಮಾತ್ರ ಆ ಯುಪಿಎಸ್ಸಿಗೆ ಕೊಡಬೇಡಿ. ಪುಡಿಯನ್ನು ಕರಗಿಸುವ ಅದರ ಬಿಸಿ ರೋಲರ್ ನೂರಾರು ವಾಟ್ ಎಳೆಯುತ್ತದೆ.

ಗೆರೆ ಬಿದ್ದಾಗ

ಕ್ಲೀನಿಂಗ್ ಕೊಡುವ ಮೊದಲು ನಾಜಲ್ ಚೆಕ್ ತೆಗೆಯಿರಿ. ಹಾಳೆಯ ಮೇಲೆ ಮೆಟ್ಟಿಲಿನಂತೆ ಇಳಿಯುವ ಸಣ್ಣ ಸಣ್ಣ ಗೀರುಗಳ ಒಂದು ಜಾಲ ಮೂಡುತ್ತದೆ. ಪ್ರತಿ ಗೀರಿಗೂ ಅದನ್ನು ಎಳೆದ ನಾಜಲ್ ಬೇರೆ. ಸರಾಫರು ಕಣ್ಣಿಗೆ ಒತ್ತಿ ಹಿಡಿಯುವಂಥ ಒಂದು ಭೂತಗನ್ನಡಿ ಕೊಂಡು ಇಟ್ಟುಕೊಳ್ಳಿ. ಹಗಲು ಬೆಳಕಿನಲ್ಲಿ ಅದರಡಿ ಹಳದಿ ಬಣ್ಣದ ಮುರಿದ ಗೀರೂ ಕಾಣುತ್ತದೆ, ಬರಿಗಣ್ಣಿಗೆ ಅದು ಸಿಗುವುದಿಲ್ಲ. ಎಲ್ಲಿ ಗೀರು ತಪ್ಪಿದೆಯೋ ಅಲ್ಲಿಗೆ ಪೆನ್ಸಿಲ್ಲಿನಿಂದ ಗುರುತು ಮಾಡಿ, ಹಾಳೆಯ ಮೇಲೆ ದಿನಾಂಕ ಮತ್ತು ಹೊತ್ತು ಬರೆದಿಡಿ. ಆಮೇಲೆ ಒಂದು ಸಲ ಕ್ಲೀನಿಂಗ್ ಕೊಟ್ಟು ಮತ್ತೆ ನಾಜಲ್ ಚೆಕ್ ತೆಗೆದು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ತಪ್ಪಿದ ಗೀರುಗಳು ಅವೇ ಜಾಗದಲ್ಲಿ ಉಳಿದಿದ್ದರೆ ಅಲ್ಲಿ ಒಣಗಿದ ಇಂಕು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಮೊದಲು ಇದ್ದ ಗೀರು ಹೋಗಿ, ಇಲ್ಲದ ಗೀರು ಬಂದು, ಜಾಗ ಬದಲಾಗುತ್ತಿದ್ದರೆ ಒಳಗೆ ಗಾಳಿ ಸೇರಿದೆ ಎಂದು ತಿಳಿಯಬೇಕು. ಎರಡಕ್ಕೂ ಮದ್ದು ಬೇರೆ. ಗಾಳಿ ಸೇರಿದ್ದಾಗ ಮೇಲಿಂದ ಮೇಲೆ ಕ್ಲೀನಿಂಗ್ ಕೊಟ್ಟರೆ ಪಂಪಿನ ಎಳೆತಕ್ಕೆ ಗುಳ್ಳೆಗಳು ಇನ್ನಷ್ಟು ಹರಡುತ್ತವೆ. ನನ್ನ ಹೆಡ್ಡು ಹೋದದ್ದು ಇದೇ ಅವಸರದಿಂದ. ಟ್ಯಾಂಕು ತುಂಬಿಸಿ, ಗುಂಡಿಯಿಂದ ಆಫ್ ಮಾಡಿ, 12 ತಾಸು ಯಂತ್ರವನ್ನು ಅದರ ಪಾಡಿಗೆ ಬಿಡಿ. ಬೆಳಿಗ್ಗೆ ಚೆಕ್ ತೆಗೆದಾಗ ಅರ್ಧಕ್ಕರ್ಧ ಗೀರು ಮರಳಿ ಬಂದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಣಗಿ ಕಟ್ಟಿಕೊಂಡಿದ್ದರೂ ಒಟ್ಟು ಮೂರು ಕ್ಲೀನಿಂಗಿನ ಮೇಲೆ ಹೋಗಬೇಡಿ. ಆಮೇಲೂ ಬಾರದಿದ್ದರೆ ಅದೇ 12 ತಾಸಿನ ಬಿಡುವು ಕೊಡಿ, ಅಷ್ಟರಲ್ಲಿ ಮುಚ್ಚಳದೊಳಗಿನ ತೇವ ಒಣಗಿದ್ದನ್ನು ಮೆತ್ತಗೆ ಮಾಡುತ್ತದೆ. ಪವರ್ ಕ್ಲೀನಿಂಗ್ ಎಂಬುದು ಕಟ್ಟಕಡೆಯ ಅಸ್ತ್ರ. ಅದು ಕೊಳವೆಯಲ್ಲಿರುವ ಇಂಕನ್ನೆಲ್ಲ ಎಳೆದು ಹಾಕುವುದರಿಂದ ಪ್ರತಿ ಟ್ಯಾಂಕಿನಲ್ಲಿಯೂ ಕನಿಷ್ಠ ಮೂರರಲ್ಲೊಂದು ಭಾಗ ಇಂಕು ಇರಲೇಬೇಕು. ಇಲ್ಲವಾದರೆ ಅದು ಗಾಳಿಯನ್ನೇ ಎಳೆಯುತ್ತದೆ.

ಕ್ಲೀನಿಂಗಿನಲ್ಲಿ ಹೋದ ಇಂಕು ಯಂತ್ರದ ತಳದಲ್ಲಿರುವ ಪ್ಯಾಡಿಗೆ ಸೇರುತ್ತದೆ. ಯಂತ್ರ ಅದರ ಲೆಕ್ಕ ಇಟ್ಟುಕೊಂಡು, ಪ್ಯಾಡ್ ತುಂಬಿತೆಂದು ಕಂಡಾಗ ಕೆಲಸ ನಿಲ್ಲಿಸುತ್ತದೆ. ಸಾಫ್ಟ್‌ವೇರಿನಿಂದ ಆ ಲೆಕ್ಕವನ್ನು ಸೊನ್ನೆ ಮಾಡಿ ಕೈಗೆ ಕೊಡುವವರಿದ್ದಾರೆ. ಪ್ಯಾಡ್ ಬದಲಿಸದೆ ಲೆಕ್ಕ ಮಾತ್ರ ಅಳಿಸಿದರೆ ಕೆಲವೇ ತಿಂಗಳಲ್ಲಿ ಮೇಜಿನ ಮೇಲೆ ಇಂಕು ಹರಿಯುತ್ತದೆ. ಈಚಿನ ಕೆಲವು ಮಾದರಿಗಳಲ್ಲಿ ಈ ಪ್ಯಾಡನ್ನು ಮಾಲೀಕನೇ ಬದಲಿಸಬಹುದಾದ ಪುಟ್ಟ ಡಬ್ಬಿಯಾಗಿ ಮಾಡಿದ್ದಾರೆ. ಹೊಸ ಪ್ರಿಂಟರ್ ಕೊಳ್ಳುವಾಗ ನಾನು ಮೊದಲು ವಿಚಾರಿಸುವುದು ಅದನ್ನು.

ಎಲ್ಲ ಗೆರೆಯೂ ಹೆಡ್ಡಿನ ದೋಷವಲ್ಲ. ಅಕ್ಷರದ ನಿಂತ ಗೆರೆ ಎರಡಾಗಿ ಕಂಡರೆ ಹೆಡ್ ಅಲೈನ್‌ಮೆಂಟ್ ಮಾಡಬೇಕು, ಏಕೆಂದರೆ ಹೋಗುವಾಗಲೂ ಬರುವಾಗಲೂ ಮುದ್ರಿಸುವ ಹೆಡ್ಡಿಗೆ ಎರಡು ದಿಕ್ಕಿನ ಹನಿಗಳು ಒಂದೇ ಕಡೆ ಬೀಳಬೇಕಾಗುತ್ತದೆ. ಹೆಡ್ಡು ದಡ್ ಎಂದು ಪಕ್ಕಕ್ಕೆ ಬಡಿಯುತ್ತಿದ್ದರೆ ಅದರ ಹಿಂದೆ ಎಡದಿಂದ ಬಲಕ್ಕೆ ಎಳೆದಿರುವ ಪಾರದರ್ಶಕ ಪಟ್ಟಿಯನ್ನು ನೋಡಿ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಒತ್ತಾದ ಗೆರೆಗಳಿವೆ, ಹೆಡ್ಡು ತಾನೆಲ್ಲಿದ್ದೇನೆಂದು ತಿಳಿಯುವುದು ಆ ಗೆರೆಗಳನ್ನು ಎಣಿಸಿಯೇ. ಅದಕ್ಕೆ ಇಂಕಿನ ಮಂಜು ಅಥವಾ ಎಣ್ಣೆ ತಗುಲಿದರೆ ಎಣಿಕೆ ತಪ್ಪುತ್ತದೆ. ಪ್ಲಗ್ ಕಿತ್ತು, ನೂಲು ಬಿಡದ ಬಟ್ಟೆಯನ್ನು ತುಸುವೇ ಒದ್ದೆ ಮಾಡಿ, ಪಟ್ಟಿ ಕೊಂಡಿಯಿಂದ ಕಳಚದಂತೆ ಎರಡು ಬೆರಳಲ್ಲಿ ಹಗುರಾಗಿ ಒರೆಸಿ.

ಮುಚ್ಚಳದ ರಬ್ಬರ್ ಅಂಚನ್ನೂ ತಿಂಗಳಿಗೊಮ್ಮೆ ನೋಡಬೇಕು. ಬೇಸಿಗೆಯಲ್ಲಿ ಅದರ ಮೇಲೆ ಕಾಡಿಗೆಯಂಥ ಕಪ್ಪು ಹೆಪ್ಪು ಕಟ್ಟುತ್ತದೆ. ಆ ಹೆಪ್ಪಿನಿಂದಾಗಿ ಮುಚ್ಚಳ ಸರಿಯಾಗಿ ಅಂಟಿಕೊಳ್ಳುವುದಿಲ್ಲ, ಪಂಪು ಎಳೆದರೂ ಇಂಕಿನ ಬದಲು ಗಾಳಿ ಬರುತ್ತದೆ. ಎಷ್ಟೋ ಸಲ ಕ್ಲೀನಿಂಗ್ ಫಲ ಕೊಡದಿರುವುದಕ್ಕೆ ಕಾರಣ ಇದೊಂದೇ. ಇಯರ್‌ಬಡ್ಡಿನ ಹತ್ತಿ ನೂಲು ಬಿಡುವುದರಿಂದ ಅದರ ಬದಲು ಸ್ಪಂಜಿನ ತುದಿಯ ಕಡ್ಡಿಯನ್ನು ನೀರಿನಲ್ಲಿ ಒದ್ದೆ ಮಾಡಿ ಆ ಹೆಪ್ಪನ್ನು ಒರೆಸಿ. ನೀರಿನ ವಿಷಯದಲ್ಲಿ ಎಚ್ಚರ ಬೇಕು: ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಪಾತ್ರೆಯ ತಳದಲ್ಲಿ ಬಿಳಿ ಪದರ ಬಿಡುವ ನೀರು ನಾಜಲ್‌ನಲ್ಲಿಯೂ ಅದನ್ನೇ ಮಾಡುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರನ್ನೇ ತನ್ನಿ, ಆದರೆ ಅಲ್ಲಿಯೇ ಆಸಿಡ್ಡನ್ನೂ ಮಾರುವುದರಿಂದ ಬಾಟಲಿಯ ಮೇಲಿನ ಹೆಸರು ಓದಿ ಕೊಳ್ಳಿ.

ಇಂಕು, ಕಾಗದ, ಮತ್ತು ಜೇಬಿನ ಬೆವರು

ಇಂಕಿನಲ್ಲಿ ಎರಡು ಬಗೆ. ಡೈ ಇಂಕಿನಲ್ಲಿ ಬಣ್ಣ ನೀರಿನಲ್ಲಿ ಸಕ್ಕರೆಯಂತೆ ಕರಗಿರುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣದ ಕಣಗಳು ತೇಲುತ್ತಿರುತ್ತವೆ. ಒಂದೊಂದು ಕಣ ಸುಮಾರು 0.1 ಮೈಕ್ರಾನ್ ಇರುವುದರಿಂದ ನಾಜಲ್‌ನಿಂದ ಸುಲಭವಾಗಿ ಹಾಯುತ್ತದೆ, ಆದರೆ ಕಣಗಳು ಗುಂಪುಗೂಡಿದರೆ ದಾರಿ ಕಟ್ಟುತ್ತವೆ. ಇವೆರಡನ್ನೂ ಒಂದೇ ಟ್ಯಾಂಕಿನಲ್ಲಿ ಬೆರೆಸಬಾರದು. ಅಗ್ಗದ ಬಿಡಿ ಇಂಕಿನಲ್ಲಿ ಬಣ್ಣ ಚೆನ್ನಾಗಿಯೇ ಕಾಣಬಹುದು. ಇಂಕು ಬೇಗ ಒಣಗದಂತೆ ಸೇರಿಸಬೇಕಾದ ಗ್ಲಿಸರಿನ್, ಗ್ಲೈಕಾಲ್‌ಗಳ ಹದ ಅದರಲ್ಲಿ ಇದೆಯೇ ಎಂದು ಕಣ್ಣಿಂದ ನೋಡಿ ಹೇಳಲಾಗದು. ತಂಪು ಊರಿನಲ್ಲಿ ನಡೆದುಹೋಗುವ ಇಂಕು ನಮ್ಮಲ್ಲಿ ನಡೆಯದಿರುವುದು ಈ ಹದದ ಕಾರಣಕ್ಕೆ.

ಯಾವ ಕೆಲಸಕ್ಕೆ ಯಾವ ಇಂಕು ಎಂಬುದನ್ನು ನಾನು ನಿರ್ಧರಿಸುವುದು ಒಂದು ಸಣ್ಣ ಪರೀಕ್ಷೆಯಿಂದ. ಮುದ್ರಿಸಿದ ಹಾಳೆಯನ್ನು ಒಂದು ತಾಸು ಒಣಗಲು ಬಿಟ್ಟು, ಅಕ್ಷರದ ಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಟ್ಟು, ಒಂದು ನಿಮಿಷ ಕಾದು ಕಾಗದದಿಂದ ಒತ್ತಿ ತೆಗೆಯುತ್ತೇನೆ. ಡೈ ಇಂಕಿನ ಅಕ್ಷರದ ಸುತ್ತ ನೇರಳೆ ಛಾಯೆಯ ಒಂದು ಬಳೆ ಹರಡುತ್ತದೆ, ಪಿಗ್ಮೆಂಟ್ ಕಪ್ಪು ಇದ್ದಲ್ಲೇ ಇರುತ್ತದೆ. ಮೇ ತಿಂಗಳಲ್ಲಿ ರೈತರೊಬ್ಬರು ಪಹಣಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಆಳಂದದಿಂದ ಬಸ್ಸಿನಲ್ಲಿ ನಿಂತು ಬಂದು ಮಿನಿ ವಿಧಾನಸೌಧದ ಮೆಟ್ಟಿಲು ಹತ್ತುವ ಹೊತ್ತಿಗೆ ಆ ಜೇಬು ಬೆವರಿನಿಂದ ತೊಯ್ದಿರುತ್ತದೆ. ಸರ್ವೆ ನಂಬರಿನ ಒಂದು ಅಂಕಿ ಕಲಸಿಹೋದರೂ ಅವರು ಇನ್ನೊಂದು ದಿನದ ಕೂಲಿ ಬಿಟ್ಟು ಮತ್ತೆ ಬರಬೇಕು. ಹೀಗಾಗಿ ಪಹಣಿ, ಕಲ್ಯಾಣ ಕರ್ನಾಟಕದ ಮೀಸಲಾತಿಯ 371 ಜೆ ಪ್ರಮಾಣ ಪತ್ರ, ಕೋರ್ಟಿನ ಕಾಗದಪತ್ರಗಳನ್ನು ನಾನು ಪಿಗ್ಮೆಂಟ್ ಕಪ್ಪಿನ ಯಂತ್ರದಲ್ಲಿಯೇ ತೆಗೆದುಕೊಡುತ್ತೇನೆ. ಫೋಟೋ, ಲಗ್ನಪತ್ರಿಕೆಗಳಿಗೆ ಡೈ ಇಂಕು. ಟ್ಯಾಂಕಿನ ಹಲವು ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ ಆಗಿದ್ದು ಉಳಿದ ಮೂರು ಬಣ್ಣ ಡೈ ಆಗಿರುತ್ತವೆ, ಕೊಳ್ಳುವಾಗ ಕೇಳಿ ನೋಡಿ. ಕಾಗದದ ಕಟ್ಟಿನ ಮೇಲೆ ಕಲರ್‌ಲಾಕ್ ಎಂಬ ಗುರುತಿದ್ದರೆ ಅದರ ಮೈಗೆ ಒಂದು ಬಗೆಯ ಲವಣ ಸವರಿರುತ್ತಾರೆ. ಪಿಗ್ಮೆಂಟ್ ಕಣಗಳು ಅದಕ್ಕೆ ತಾಗಿದೊಡನೆ ಮೇಲೆಯೇ ನಿಂತುಬಿಡುವುದರಿಂದ ಕಪ್ಪು ಗಾಢವಾಗಿ ಕಾಣುತ್ತದೆ, ಬೇಗ ಒಣಗುತ್ತದೆ.

ವಾರಕ್ಕೆರಡು ಸಲವಾದರೂ ನಾಲ್ಕೂ ಬಣ್ಣ ಇರುವ ಒಂದು ಹಾಳೆ ತೆಗೆಯುವುದನ್ನು ರೂಢಿ ಮಾಡಿಕೊಳ್ಳಿ. ಶರಣಬಸವೇಶ್ವರ ಜಾತ್ರೆಗೋ ಮದುವೆಗೋ ಅಂಗಡಿಗೆ ಹೆಚ್ಚು ದಿನ ಬೀಗ ಹಾಕುವುದಾದರೆ, ಹೊರಡುವ ದಿನ ಅಂಥ ಹಾಳೆಯೊಂದನ್ನು ತೆಗೆದು, ಟ್ಯಾಂಕು ತುಂಬಿಸಿ, ಗುಂಡಿಯಿಂದ ಆಫ್ ಮಾಡಿ, ಮುಚ್ಚಳದ ಸದ್ದು ಕೇಳಿದ ಮೇಲೆಯೇ ಪ್ಲಗ್ ಕೀಳಿ. ಯಂತ್ರವನ್ನು ಬೀದರಿಗೋ ಯಾದಗಿರಿಗೋ ಒಯ್ಯುವುದಿದ್ದರೆ, ಸಾಗಾಣಿಕೆಯ ಲಾಕ್ ಇರುವ ಮಾದರಿಯಲ್ಲಿ ಅದನ್ನು ತಿರುಗಿಸಿ, ಟ್ಯಾಂಕಿನ ಮುಚ್ಚಳಗಳನ್ನು ಬಿಗಿ ಮಾಡಿ, ಬಸ್ಸಿನ ಡಿಕ್ಕಿಗೆ ಹಾಕದೆ ತೊಡೆಯ ಮೇಲೆ ಮಟ್ಟವಾಗಿ ಇಟ್ಟುಕೊಂಡು ಹೋಗಿ. ತಲುಪಿದ ಮೇಲೆ ಲಾಕ್ ತೆಗೆದು, ಕೂಡಲೇ ಆನ್ ಮಾಡದೆ ಒಂದೆರಡು ತಾಸು ಬಿಟ್ಟು, ಮೊದಲ ಹಾಳೆಯಾಗಿ ನಾಜಲ್ ಚೆಕ್ಕನ್ನೇ ತೆಗೆಯಿರಿ.